ಘಟ್ಟದ ದಾರಿಯೂ ಒಕ್ಕಲಿಗನ ಪಾಲೂ

ಒಂದು ನಾಡಿನ ವ್ಯಾಪಾರದ ಏಳುಬೀಳುಗಳನ್ನು ತಿಳಿಯಲು ಪೇಟೆಯ ಲೆಕ್ಕದ ಪುಸ್ತಕಗಳನ್ನೇ ತೆರೆಯಬೇಕೆಂದಿಲ್ಲ. ಅದರ ದಾರಿಗಳನ್ನು ನೋಡಿದರೂ ಸಾಕು. ಬೈಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಕಲಘಟಗಿ ತಾಲೂಕಿನ ದುಮ್ಮವಾಡದ ಕಡೆಯ ನಾಡು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಈ ಸೀಮೆಯ ಬೇಡ್ತಿ ಹೊಳೆಯು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಪಡುವಣ ಕಡಲನ್ನು ಸೇರುತ್ತದೆ. ಇಲ್ಲಿಯ ಬೆಳೆಯೂ ಬಹುಕಾಲ ಅದೇ ದಿಕ್ಕಿಗೆ ಹರಿಯಿತು.

ದೂರದ ವ್ಯಾಪಾರವು ಕನ್ನಡಿಗರಿಗೆ ಪರಕೀಯರು ಕಲಿಸಿದ ವಿದ್ಯೆಯಲ್ಲ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರ ಸಂಘವು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿತ್ತು. ಕಡಲಾಚೆ ಸುಮಾತ್ರಾ ದ್ವೀಪದ ಬಾರೂಸಿನ ಬಳಿ ದೊರೆತ 1088ರ ತಮಿಳು ಶಾಸನವೂ ಈ ಐನೂರ್ವರನ್ನು ಹೆಸರಿಸುತ್ತದೆ. ತಾವು ಮಾರುವ ಸರಕಿನ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ಊರಿನ ದೇವಾಲಯಕ್ಕೆ ಬಿಟ್ಟುಕೊಟ್ಟ ಅವರ ದತ್ತಿಗಳು ಶಾಸನಗಳಲ್ಲಿ ಕಾಣಸಿಗುತ್ತವೆ. ಅಂದರೆ ದಾರಿಯಲ್ಲಿ ಸಾಗಿದ ಸಂಪತ್ತಿನ ಒಂದು ಪಾಲು ದಾರಿಯ ಊರಿನಲ್ಲಿಯೇ ನಿಲ್ಲುತ್ತಿದ್ದಿತು.

ಬಂಡಿದಾರಿಗಳು ಆಗುವ ಮುನ್ನ ಘಟ್ಟವನ್ನು ಹತ್ತಿ ಇಳಿದುದು ಹೇರಿನ ಎತ್ತು. ಲಂಬಾಣಿಗರ ಎತ್ತಿನ ಹಿಂಡುಗಳು ಮೇಲಿನ ಧಾನ್ಯವನ್ನು ಕೆಳಕ್ಕೆ ಒಯ್ದು, ಕರಾವಳಿಯ ಉಪ್ಪನ್ನು ಮೇಲಕ್ಕೆ ತಂದವು. 17ನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷರ ಕೋಠಿಯು ಹುಬ್ಬಳ್ಳಿಯ ಬಟ್ಟೆಯನ್ನು ಕೊಂಡು ಹಡಗಿಗೇರಿಸಿತು. ಅಂದು ಹೊರಕ್ಕೆ ಹೋದುದು ನೇಕಾರನ ಕೈಕೆಲಸ. 19ನೆಯ ಶತಮಾನದಲ್ಲಿ ಹೋದುದು ಬರಿಯ ಅರಳೆ. ಈ ಒಂದು ಬದಲಾವಣೆಯಲ್ಲಿ ನಮ್ಮ ಬಡತನದ ಇತಿಹಾಸವು ಬಹುಮಟ್ಟಿಗೆ ಅಡಗಿದೆ.

1861ರಿಂದ 1865ರ ವರೆಗಿನ ಅಮೇರಿಕೆಯ ಅಂತರ್ಯುದ್ಧದಿಂದ ಲ್ಯಾಂಕಶಾಯರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ, ಧಾರವಾಡ ಸೀಮೆಯ ಅಂಡಿಗೆಗಳು ಚಕ್ಕಡಿಗಳ ಮೇಲೆ ಘಟ್ಟವಿಳಿದು ಕುಮಟೆಯನ್ನು ಸೇರಿ, ಅಲ್ಲಿಂದ ಕಡಲ ದಾರಿಯಾಗಿ ಮುಂಬಯಿಗೆ ಹೋದವು. ನಮ್ಮ ಎರೆಭೂಮಿಯ ನಾಟಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ಯೆಂದೇ ಹೆಸರಾಯಿತು. ಬೆಳೆದ ಊರು ಅಳಿದು, ಹಡಗೇರಿಸಿದ ಊರು ಉಳಿಯಿತು! ಯುದ್ಧವು ಮುಗಿಯುತ್ತಲೇ ಬೆಲೆ ಕುಸಿದುದನ್ನು ವಾಚಕರು ಬಲ್ಲರು.

ಆ ಮೇಲೆ ರೈಲು ಬಂದಿತು. 1880ರ ದಶಕದಲ್ಲಿ ಹಳಿಗಳು ಧಾರವಾಡದಿಂದ ಅಳ್ನಾವರ, ಲೋಂಡಾಗಳ ಮೇಲೆ ಹಾಯ್ದು ಮಾರ್ಮಗೋವೆಯನ್ನು ಮುಟ್ಟಿದವು. ಕುಮಟೆಯ ಬಂದರು ಕುಂದಿತು. ಕಲಘಟಗಿಯ ಸೀಮೆಯು ಹಳಿಯ ಹೊರಗೇ ಉಳಿಯಿತು. ಇಂದು ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳ ಮೇಲೆ ಅಂಕೋಲೆಗೆ ಇಳಿಯುವ 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಸಾಲು ಓಡುತ್ತದೆ. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗವಾದರೋ ಘಟ್ಟದ ಅರಣ್ಯದ ಪ್ರಶ್ನೆಯಲ್ಲಿ ಸಿಲುಕಿದೆ. ಅರಣ್ಯವಳಿದರೆ ಬೇಡ್ತಿಯೂ ಬಡವಾಗುವಳು. ಆದುದರಿಂದ ಆ ವಾದವನ್ನು ಹಗುರಾಗಿ ಕಾಣಲಾಗದು. ಬಂದರಿನ ಹಾದಿ ಹತ್ತಿರವಾಗಬೇಕೆಂಬ ವಾದವೂ ನಿರಾಧಾರವಲ್ಲ.

ಆದರೆ ನಮ್ಮ ಪ್ರಶ್ನೆ ಬೇರೆ. ಹೇರು ಹೋಗಿ ಚಕ್ಕಡಿ ಬಂದಿತು, ಚಕ್ಕಡಿ ಹೋಗಿ ಲಾರಿ ಬಂದಿತು. ದುಮ್ಮವಾಡದ ಒಕ್ಕಲಿಗನ ಪಾಲು ಅದರಿಂದ ಎಷ್ಟು ಹೆಚ್ಚಿತು? ಸುಗ್ಗಿಯ ವಾರದಲ್ಲಿಯೇ, ಸಾಲ ತೀರಿಸುವ ಅವಸರದಲ್ಲಿಯೇ ಹತ್ತಿಯನ್ನೂ ಗೋವಿನಜೋಳವನ್ನೂ ಮಾರಬೇಕಾದವನಿಗೆ ದಾರಿ ಎಷ್ಟು ಅಗಲವಾದರೇನು? 2014ರಿಂದ ನಮ್ಮ ಮಾರುಕಟ್ಟೆಗಳಲ್ಲಿ ವಿದ್ಯುನ್ಮಾನ ಹರಾಜು ಮೊದಲಾಗಿದೆ. ದೂರದ ಕೊಳ್ಳುವವನೂ ಬೆಲೆ ಕೂಗಬಲ್ಲನು. ಆದರೆ ಮಾಲನ್ನು ಕಾಯ್ದಿಡಲು ಉಗ್ರಾಣವಿಲ್ಲದವನು ಒಳ್ಳೆಯ ಬೆಲೆಗಾಗಿ ಕಾಯುವುದೆಂತು?

ಉಪಾಯವನ್ನು ಹೊರಗೆ ಹುಡುಕಬೇಕಾಗಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿಯೇ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿದರು. ನಾಲ್ಕಾರು ಹಳ್ಳಿಗಳಿಗೊಂದು ಉಗ್ರಾಣ, ಅದರ ಮಾಲಿನ ಮೇಲೆ ಅಲ್ಪ ಬಡ್ಡಿಯ ಸಾಲ, ಹತ್ತಿಯನ್ನು ವಿಂಗಡಿಸಿ ಹಿಂಜುವ ವ್ಯವಸ್ಥೆ: ಇವಿಷ್ಟನ್ನು ಸಹಕಾರ ಸಂಘಗಳು ನಡೆಸತಕ್ಕದ್ದು, ಅಧಿಕಾರಿಗಳು ಬೆಂಬಲಿಸತಕ್ಕದ್ದು, ಪಟ್ಟಣದ ಸುಶಿಕ್ಷಿತರು ಲೆಕ್ಕಪತ್ರಗಳಿಗೆ ಕೈಗೂಡಿಸತಕ್ಕದ್ದು. ದಾರಿಯನ್ನು ಸರಕಾರವು ಕಟ್ಟೀತು. ಆ ದಾರಿಯ ಸಂಪತ್ತು ಊರಿನಲ್ಲಿ ನಿಲ್ಲುವಂತೆ ಮಾಡುವುದು ನಮ್ಮ ಕೆಲಸ.