ಸಾಗವಾನಿಯ ನಾಡಿನಲ್ಲಿ ನಾಲ್ಕು ದಿನ

ಪ್ರವಾಸವೆಂದರೆ ಓಟವೆಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಒಂದೇ ದಿನದಲ್ಲಿ ಎಂಟು ಸ್ಥಳಗಳನ್ನು ನೋಡಿ ಮುಗಿಸಿ, ಮನೆಗೆ ಬಂದು ಕಾಲೊತ್ತಿಕೊಳ್ಳುವುದು ವಾಡಿಕೆ. ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಹಾಗೆ ಮಾಡಲಿಲ್ಲ. ನಾನು, ನನ್ನ ಪತ್ನಿ ಹಾಗೂ ಎಪ್ಪತ್ತು ದಾಟಿದ ಮಾವನವರು ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ನಾಲ್ಕು ದಿನ ಸಾವಕಾಶವಾಗಿ ಸುತ್ತಾಡಿದೆವು. ಮಾವನವರು ಹುಟ್ಟಿ ಬೆಳೆದ ಸೂಪಾ ಈಗ ನೀರಿನ ತಳದಲ್ಲಿದೆ. ಅದರ ದಡದವರೆಗಾದರೂ ಒಮ್ಮೆ ಹೋಗಿಬರಬೇಕೆಂಬುದು ಅವರ ಬಹುದಿನದ ಆಸೆ.

ಧಾರವಾಡದಿಂದ ಹೊರಟವರಿಗೆ ಮೊದಲು ಸಿಕ್ಕುವುದು ಹಳಿಯಾಳ. ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಪ್ರಖ್ಯಾತನಾದ ವೆಲ್ಲಿಂಗ್ಟನ್ನನು 1800ರ ಸುಮಾರಿಗೆ ಬರೆದ ಪತ್ರಗಳಲ್ಲಿ ಈ ಊರಿನ ಹೆಸರು ಬರುತ್ತದೆ. ಅವನಿಗೆ ಬೇಕಾಗಿದ್ದುದು ಗಡಿಯ ಠಾಣೆ. ನಮಗೆ ಬೇಕಾಗಿದ್ದುದು ಖಾನಾವಳಿ! ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಯಲುಸೀಮೆಯ ಊಟಕ್ಕೆ ಇಲ್ಲಿಂದಲೇ ವಿದಾಯ ಹೇಳಬೇಕು. ಮುಂದೆ ಕಾಡು, ಕುಚ್ಚಲಕ್ಕಿಯ ಅನ್ನ, ಮೀನಿನ ಸಾರು.

ಕಾಳಿ ನದಿಯ ದಡದ ದಾಂಡೇಲಿಯನ್ನು ಬೆಳೆಸಿದ್ದು ಮರ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆಂಗ್ಲರು ಇಲ್ಲಿನ ಸಾಗವಾನಿಯನ್ನು ಹೊರಗೆ ಸಾಗಿಸುವುದಕ್ಕಾಗಿ ಅಳ್ನಾವರದಿಂದ ರೈಲುಹಳಿ ಹಾಕಿದರು. 1955ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಹಳೆಯ ಮರದ ಡಿಪೋದಲ್ಲಿ ಬೆಳಗಿನ ಹೊತ್ತು ನಿಂತರೆ, ದಿಮ್ಮಿಗಳ ನಡುವೆ ಉಳಿದಿರುವ ಮರಗಳ ಮೇಲೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ಬಂದು ಕೂರುವುದನ್ನು ಕಾಣಬಹುದು. ಕಡಿದವರ ಕಣ್ಣಿಗೆ ಅವು ಬಿದ್ದಿದ್ದವೋ ಇಲ್ಲವೋ!

ಮೂರನೆಯ ದಿನ ಗಣೇಶಗುಡಿಗೆ ಹೋದೆವು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ಣಗೊಂಡಿತು. ಕಾಳಿಯೂ ಪಾಂಡರಿಯೂ ಕೂಡುವ ಸ್ಥಳದಲ್ಲಿದ್ದ ಸೂಪಾ ಪಟ್ಟಣವು ಅದರ ಹಿನ್ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ನಿರಾಶ್ರಿತರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. ಮಾವನವರು ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತರು. "ನಮ್ಮ ಮನೆ ಯಾವ ದಿಕ್ಕಿಗಿತ್ತೆಂಬುದೂ ಈಗ ತಿಳಿಯುವುದಿಲ್ಲ" ಎಂದರು. ನನ್ನ ಮನೆಯಲ್ಲಿ ರಾತ್ರಿ ಓದಲು ಉರಿಯುವ ದೀಪಕ್ಕೆ ಯಾರು ಬೆಲೆ ತೆತ್ತರೆಂಬುದು ನನಗೆ ಅಲ್ಲಿ ಅರಿವಾಯಿತು.

ಆ ಮಧ್ಯಾಹ್ನ ಜೋಯಿಡಾದ ಸಮೀಪ, ಪರಿಚಿತರಾದ ಕುಣಬಿಯವರೊಬ್ಬರ ಮನೆಯಲ್ಲಿ ಊಟ. ಈ ಜನರು ಗೆಡ್ಡೆಗೆಣಸುಗಳ ಬೇಸಾಯದಲ್ಲಿ ನಿಪುಣರು. ಬೇಯಿಸಿದ ಮುಡ್ಲಿಗೆಡ್ಡೆ, ಜೊತೆಗೆ ಕೆಂಪು ಚಗಳಿ ಇರುವೆಯ ಹುಳಿ ಚಟ್ನಿ. ನನ್ನ ಪತ್ನಿ ಕಣ್ಣುಮುಚ್ಚಿಕೊಂಡು ರುಚಿ ನೋಡಿದಳು. ಎರಡನೆಯ ಸಲ ಕಣ್ಣು ತೆರೆದೇ ಕೇಳಿ ಹಾಕಿಸಿಕೊಂಡಳು. ಮಾವನವರು ಮಾತ್ರ ಮುಡ್ಲಿಯನ್ನು ಮುರಿದು ಬಾಯಿಗಿಟ್ಟುಕೊಂಡು ಸುಮ್ಮನಾದರು. "ಏನಪ್ಪಾ?" ಎಂದು ಮಗಳು ಕೇಳಿದಳು. "ಅವ್ವ ಹೀಗೆಯೇ ಬೇಯಿಸುತ್ತಿದ್ದಳು" ಎಂದರು. ದಡದಲ್ಲಿ ನಿಂತಾಗ ಬಾರದಿದ್ದ ಕಣ್ಣೀರು ಆಗ ಬಂದಿತು.

ಮರುದಿನ ಯಲ್ಲಾಪುರದ ಮಾರ್ಗವಾಗಿ ಮುಂಡಗೋಡಿಗೆ ಬಂದೆವು. ದಾರಿಯುದ್ದಕ್ಕೂ ಹಳ್ಳಿಗಳಲ್ಲಿ ಸಿದ್ದಿ ಜನರ ಮನೆಗಳಿವೆ. ಪೋರ್ಚುಗೀಜರು ಗುಲಾಮರನ್ನಾಗಿ ತಂದ ಆಫ್ರಿಕದವರ ವಂಶಜರಿವರು. ಪರಿಶಿಷ್ಟ ಪಂಗಡವೆಂಬ ಮನ್ನಣೆ ಇವರಿಗೆ ದೊರೆತುದು 2003ರಲ್ಲಿ. ಮುಂಡಗೋಡಿನಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರ ನೆಲೆಯಿದೆ. ಲ್ಹಾಸಾದ ಬಳಿಯ ಡ್ರೆಪುಂಗ್, ಗಾಂಡೆನ್ ಮಠಗಳು ಇಲ್ಲಿ ಮತ್ತೆ ತಲೆಯೆತ್ತಿವೆ. ಚಿಕ್ಕ ಹೋಟೆಲೊಂದರಲ್ಲಿ ಮೊಮೊ ಬಡಿಸಿದ ಹೆಣ್ಣುಮಗಳು ಶುದ್ಧ ಕನ್ನಡದಲ್ಲಿ, "ನಾನು ಹುಟ್ಟಿದ್ದು ಇಲ್ಲೇ, ಟಿಬೆಟ್ ನೋಡಿಲ್ಲ. ಅಡುಗೆ ಮಾತ್ರ ಅಜ್ಜಿಯದು" ಎಂದಳು. ಮಾವನವರು ಅವಳನ್ನೊಮ್ಮೆ ನೋಡಿ, ಇನ್ನೊಂದು ತಟ್ಟೆ ತರಲು ಹೇಳಿದರು.

ಈ ಸೀಮೆಯಿಂದ ಮರ ಹೋಯಿತು, ಊರುಗಳೂ ಹೋದವು. ಊರು ಕಳೆದುಕೊಂಡವರು ಒಲೆಯನ್ನು ಬಿಟ್ಟುಕೊಡಲಿಲ್ಲ. ವಾಚಕರೇ, ನೀವೂ ಒಮ್ಮೆ ಹೋಗಿಬನ್ನಿ. ಅವಸರ ಬೇಡ, ಊಟಕ್ಕೆ ಕುಳಿತಾಗ, ಬಡಿಸಿದವರ ಊರು ಯಾವುದೆಂದು ಕೇಳಿರಿ.