ಸಿಂಹದ ಸಂಸಾರ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ವಿದ್ಯಾರ್ಥಿಗಳಲ್ಲಿ ಹಲವರು ಪ್ರವಾಸ ಹೋದಾಗ ಶಿವಮೊಗ್ಗ ಸಮೀಪದ ತ್ಯಾವರೆಕೊಪ್ಪ ಹುಲಿ-ಸಿಂಹಧಾಮವನ್ನು ನೋಡಿರಬಹುದು. ಅಲ್ಲಿ ಕೇಸರವುಳ್ಳ ಗಂಡೇ ಮನೆಯ ಯಜಮಾನನಂತೆ ತೋರುತ್ತದೆ. ಆದರೆ ಕಾಡಿನಲ್ಲಿ ಸಿಂಹದ ಸಂಸಾರ ನಿಂತಿರುವುದು ತಾಯಿ, ಮಗಳು, ಅಕ್ಕತಂಗಿಯರ ಮೇಲೆ. ಬೇಟೆಯ ಹೆಚ್ಚಿನ ಹೊಣೆ ಹೆಣ್ಣುಗಳದೇ. ಒಂದರ ಮರಿಗೆ ಮತ್ತೊಂದು ಹಾಲೂಡಿಸುವುದೂ ಉಂಟು. ಗಡಿ ಕಾಯುವುದು ಗಂಡಿನ ಕೆಲಸ. ಅದು ಸೋತರೆ ಗೆದ್ದ ಗಂಡು ಮರಿಗಳನ್ನು ಕೊಲ್ಲುವುದುಂಟು.

ಬೆಳೆದ ಗಂಡುಮರಿ ಸುಮಾರು ಮೂರನೆಯ ವರ್ಷದಲ್ಲಿ ಗುಂಪು ಬಿಡುವುದರಿಂದ ರಕ್ತಸಂಬಂಧಿಗಳು ಕೂಡುವುದು ತಪ್ಪುತ್ತದೆ. ಬೇಲಿಯೊಳಗೆ ಆ ದಾರಿಯಿಲ್ಲ. ಜೋಡಿಯ ಆಯ್ಕೆ ಮನುಷ್ಯನ ಹೊಣೆಯಾಗುತ್ತದೆ.

ಏಷ್ಯಾದ ಕಾಡುಸಿಂಹಗಳು ಉಳಿದಿರುವುದು ಗುಜರಾತಿನಲ್ಲಿ ಮಾತ್ರ. 2025ರ ಗಣತಿಯಂತೆ 891. ಗಿರ್ ಕಾಡಿನಾಚೆ, ಹೊಲಗಳ ನಡುವೆಯೂ ಅವು ಬದುಕುತ್ತಿವೆ. ಮನೆ ಬಿಟ್ಟ ಗಂಡಿಗೆ ಹೊಸ ನೆಲ ಬೇಕಲ್ಲವೇ?