ಸೆಟ್ಟಿಂಗ್ ಇಲ್ಲದ ಊಟ!

ಬೀದರ - ಭಾಲ್ಕಿ - ಔರಾದ: ಒಂದು ಹೋಟೆಲಿನ ಕನಸು, ಎರಡು ಎಕರೆ ಹೊಲ

ಚಿತ್ರರಸಿಕ ದೋಸ್ತರೇ, 1981ರ 'ನಸೀಬ್' ನೋಡಿದ್ದೀರಲ್ಲ? ಕೊನೆಯಲ್ಲಿ ಗಿರಗಿರ ತಿರುಗುವ ಹೋಟೆಲು! ಅಮಿತಾಭ್, ಶತ್ರುಘ್ನ ಸಿನ್ಹಾ, ರಿಷಿ ಕಪೂರ್ ವೇಷ ಹಾಕಿಕೊಂಡು ಕುಣಿಯುತ್ತಾರೆ. ಆಮೇಲೆ ಹೊಡೆದಾಟ, ಬೆಂಕಿ, ಓಟ! ಟೀವಿಯಲ್ಲಿ ಆ ಸೀನು ನೋಡಿದ ದಿನದಿಂದ ನನಗೊಂದು ಹುಚ್ಚು. ಜೀವನದಲ್ಲಿ ಒಂದು ಸಲವಾದರೂ ಅಂಥ ಜಾಗದಲ್ಲಿ ಕೂತು ಊಟ ಮಾಡಬೇಕು!

ನಾನು ಔರಾದಿನವನು. ನಮ್ಮೂರಲ್ಲಿ ತಿರುಗುವುದು ಎಂದರೆ ಹಿಟ್ಟಿನ ಗಿರಣಿ, ಮತ್ತೆ ಕೆಲಸವಿಲ್ಲದ ನಮ್ಮಂಥ ಹುಡುಗರು, ಅಷ್ಟೇ. ಆದರೆ ಹುಚ್ಚಿಗೆ ಜೊತೆಗಾರ ಸಿಗದೇ ಇರುತ್ತಾನೆಯೇ? ಸಿಕ್ಕ. ಹೈದರಾಬಾದಿನಲ್ಲಿ ಎರಡು ವರ್ಷ ದುಡಿದು ಬಂದ ನನ್ನ ಬಾಲ್ಯದ ಗೆಳೆಯ ಒಂದು ಸಂಜೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೊಬೈಲು ಹಿಡಿದು ಶುರು ಮಾಡಿದ.

"ಏ ದೋಸ್ತ, ಅಲ್ಲಿ ಜೈಲಿನ್ಯಾಗ ಕೂಡ್ಸಿ ಊಟ ಕೊಡ್ತಾರ, ನೋಡಿಯೇನು? ಸಪ್ಲೈಯರ್ ಪೊಲೀಸ್ ಡ್ರೆಸ್ ಹಾಕ್ಕೊಂಡು ಬರ್ತಾನ! ಮಂದಿ ಲೈನ್ ಹಚ್ಚಿ ನಿಂತಿರ್ತಾರ!"

ಅವನ ಪ್ಲಾನು ಕೇಳಿ ನನ್ನ ಎದೆ ಹಾರಿತು. ಬೀದರ-ಭಾಲ್ಕಿ ರಸ್ತೆಯ ಮೇಲೆ 'ಸಿನಿಮಾ ಢಾಬಾ'! ಒಂದು ಮೂಲೆಯಲ್ಲಿ ಜೈಲು, ಒಂದು ಮೂಲೆಯಲ್ಲಿ ರೈಲಿನ ಡಬ್ಬಿ, ನಡುವೆ 1968ರ 'ಜೇಡರ ಬಲೆ'ಯ ಕಾಲದ ಕ್ಲಬ್ಬು, ಬಣ್ಣದ ಬಲ್ಬು. ಖರ್ಚು ಎಂಟು ಲಕ್ಷ. ಅವನದು ನಾಲ್ಕು, ನನ್ನದು ನಾಲ್ಕು.

ನನ್ನ ನಾಲ್ಕು ಎಲ್ಲಿಂದ ಬರಬೇಕು? ಅಪ್ಪನ ಹೆಸರಿನಲ್ಲಿ ಎರಡು ಎಕರೆ ಹೊಲ ಇದೆ. ಅದನ್ನು ಅಡ ಇಡಬೇಕು. ಹೆದರಿಕೊಂಡೇ ಕೇಳಿದೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು!

"ಹೊಲ ನಿಂದೇ ಅದ. ನಾ ಬ್ಯಾಡ ಅನ್ನಂಗಿಲ್ಲ. ಎಳ್ಳ ಅಮಾಸಿ ಆಗ್ಲಿ, ಆಮ್ಯಾಲ ಕಾಗದ ಮಾಡೋಣಂತ," ಅಂದ.

ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇತ್ತು. ಅಷ್ಟರೊಳಗೆ ಈ ಧಂದೆ ಕಲಿತುಬಿಡೋಣ ಎಂದು ಇಬ್ಬರೂ ಬೈಕ್ ಹತ್ತಿದೆವು.

ಅರಮನೆಯ ಅಡುಗೆಮನೆ

ಔರಾದದಿಂದ ಬೀದರಿಗೆ ಸುಮಾರು 40 ಕಿಲೋಮೀಟರು. ಮೊದಲು ಹೋಗಿದ್ದು ಕೋಟೆಗೆ. ಬಹಮನಿ ಸುಲ್ತಾನ ಅಹ್ಮದ್ ಶಾಹ ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದವನು. ರಂಗೀನ್ ಮಹಲಿನ ಗೋಡೆ ನೋಡಬೇಕು ನೀವು! ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿ ಹೂಬಳ್ಳಿ ಮಾಡಿದ್ದಾರೆ. ಯಾವ ಆರ್ಟ್ ಡೈರೆಕ್ಟರನಿಗೂ ಸಲಾಂ ಹೊಡೆಯದ ಕೆಲಸ!

ಕೋಟೆಯೊಳಗೆ ಶಾಹಿ ಮತ್ಬಖ್ ಅಂತ ಒಂದು ಕಟ್ಟಡ ಇದೆ. ಅಂದರೆ ಅರಮನೆಯ ಅಡುಗೆಮನೆ. ಅದರ ನೆರೆಯ ಶಾಹಿ ಹಮಾಮು, ಅಂದರೆ ಬಚ್ಚಲುಮನೆ, ಮ್ಯೂಸಿಯಂ ಆಗಿದೆ. ಅಡುಗೆಮನೆಯ ಮುಂದೆ ನಿಂತು ಗೆಳೆಯ ನಿಟ್ಟುಸಿರು ಬಿಟ್ಟ.

"ಇಲ್ಲಿ ನಾಕು ಟೇಬಲ್ ಹಾಕಿದ್ರ ಸಾಕಿತ್ತು ದೋಸ್ತ! ಸೆಟ್ಟಿಂಗ್ ಖರ್ಚೇ ಇಲ್ಲ!"

ಪುಣ್ಯಕ್ಕೆ ಪುರಾತತ್ವ ಇಲಾಖೆಯ ಕಾವಲುಗಾರನಿಗೆ ಕೇಳಿಸಲಿಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಒಲೆ ಹಚ್ಚಿದರೆ ನಿಜವಾದ ಜೈಲಿನಲ್ಲೇ ಊಟ!

ಹೊರಗೆ ಬಂದು ಹಳೇ ಊರಿನ ಓಣಿ ಹಿಡಿದೆವು. 1472ರಲ್ಲಿ ಮಹಮೂದ್ ಗವಾನ ಕಟ್ಟಿಸಿದ ಮದರಸಾ ದಾಟಿದರೆ ಮುಂದೆ ಚೌಬಾರ, ನಾಲ್ಕು ದಾರಿ ಕೂಡುವಲ್ಲಿ ನಿಂತ ದುಂಡು ಗೋಪುರ. ಅದರ ಹತ್ತಿರದ ಒಂದು ಚಾದಂಗಡಿಯಲ್ಲಿ ಕೂತೆವು. 1948ರವರೆಗೆ ಬೀದರ ನಿಜಾಮನ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾಯಿತು, ಚಾ ಬದಲಾಗಲಿಲ್ಲ. ಗಟ್ಟಿ ಹಾಲಿನ ಹೈದರಾಬಾದಿ ಚಾ, ಜೊತೆಗೆ ಬಾಯಲ್ಲಿ ಕರಗುವ ಉಸ್ಮಾನಿಯಾ ಬಿಸ್ಕಿಟು. ಮುದುಕರೊಬ್ಬರು ಬಸಿಯಲ್ಲಿ ಚಾ ಸುರಿದುಕೊಂಡು, ಊದಿ ಊದಿ ಕುಡಿಯುತ್ತಾ, ಒಂದು ಬಸಿಗೆ ಅರ್ಧ ಗಂಟೆ ತೆಗೆದುಕೊಂಡರು. ಯಾರೂ ಅವರನ್ನು "ಏಳಿ" ಅನ್ನಲಿಲ್ಲ. ಗೆಳೆಯ ಲೆಕ್ಕ ಹಾಕಿದ: "ಹಿಂಗ ಕೂತ್ರ ಧಂದೆ ಹ್ಯಾಂಗ ಆಗ್ತದ?" ಆದರೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ!

ಬಾಲ್ಕನಿ ಇಲ್ಲ, ಗಾಂಧಿ ಕ್ಲಾಸೂ ಇಲ್ಲ

ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿತು. ಕಿಸೆಯಲ್ಲಿ ಪೆಟ್ರೋಲಿಗಷ್ಟೇ ದುಡ್ಡು. ಸೀದಾ ಗುರುನಾನಕ್ ಝಿರಾ!

ಗುರುನಾನಕರು ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದಾಗ, ಕುಡಿಯುವ ನೀರಿಗೆ ಜನ ಒದ್ದಾಡುವುದನ್ನು ಕಂಡು ಪಾದದಿಂದ ಕಲ್ಲು ಸರಿಸಿದರು, ಸಿಹಿನೀರಿನ ಝರಿ ಚಿಮ್ಮಿತು ಎಂದು ನಂಬಿಕೆ. ಆ ಝರಿ ಇವತ್ತೂ ಹರಿಯುತ್ತದೆ. ಗುರು ಗೋವಿಂದ ಸಿಂಗರ ಪಂಜ್ ಪ್ಯಾರೆ, ಅಂದರೆ ಐದು ಜನ ಪ್ರೀತಿಪಾತ್ರರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ. ಗೊತ್ತಿತ್ತೇ ನಿಮಗೆ?

ಕಾಲು ತೊಳೆದು, ತಲೆಗೆ ಕರವಸ್ತ್ರ ಕಟ್ಟಿ, ಲಂಗರಿನ ಸಾಲಿನಲ್ಲಿ ನೆಲದ ಮೇಲೆ ಕೂತೆವು. ನನ್ನ ಎಡಕ್ಕೆ ನಾಂದೇಡದ ಕಡೆಯ ಸರದಾರಜಿ. ಬಲಕ್ಕೆ ಕಾಲೇಜು ಹುಡುಗ. ಎದುರಿಗೆ ಒಬ್ಬ ಹಮಾಲ, ಅವನ ಪಕ್ಕ ಕೈಗೆ ಬಂಗಾರದ ವಾಚು ಕಟ್ಟಿದ ಸಾಹುಕಾರ. ಇಬ್ಬರ ತಟ್ಟೆಗೂ ಅದೇ ದಾಲು, ಅದೇ ರೋಟಿ! ಟಾಕೀಸಿನಲ್ಲಿಯಾದರೆ ಒಬ್ಬ ಬಾಲ್ಕನಿ, ಒಬ್ಬ ಗಾಂಧಿ ಕ್ಲಾಸು. ಇಲ್ಲಿ ಎಲ್ಲರಿಗೂ ಒಂದೇ ಕ್ಲಾಸು, ಅದೂ ಟಿಕೆಟ್ಟಿಲ್ಲದೆ. ರೋಟಿಯನ್ನು ಎರಡೂ ಕೈಯೊಡ್ಡಿ ತೆಗೆದುಕೊಳ್ಳಬೇಕು. ನಾನು ಒಂದೇ ಕೈ ಚಾಚಿದ್ದಕ್ಕೆ ಬಡಿಸುವ ಹುಡುಗ ನಕ್ಕು ಕಾದು ನಿಂತ!

ಉಂಡ ಮೇಲೆ ತಟ್ಟೆ ತೊಳೆಯುವ ಕಡೆ ಹೋದರೆ ಹಮಾಲನೂ ಸಾಹುಕಾರನೂ ಒಂದೇ ತೊಟ್ಟಿಯ ಹತ್ತಿರ! ಗೆಳೆಯ ಮಾತ್ರ ಗುಣುಗಿದ: "ಫುಕಟ್ ಊಟಕ್ಕ ಯಾರೂ ಬರ್ತಾರ. ಇದ್ರಾಗ ನಮಗೇನ್ ಕಲೀಲಾಕ ಅದ?" ನಾನು ಸುಮ್ಮನಾದೆ.

ಭಾಲ್ಕಿಯ ರೊಟ್ಟಿ ಸದ್ದು

ಮರುದಿನ ಭಾಲ್ಕಿ. ಅಲ್ಲಿನ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ನಿಜಾಮನ ಕಾಲದಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟ. ಸ್ವಾಮಿಗಳು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು! ಬಡಮಕ್ಕಳಿಗೆ ಪ್ರಸಾದನಿಲಯ ನಡೆಸಿ ಅನ್ನ ಹಾಕಿದರು. 1999ರಲ್ಲಿ ಲಿಂಗೈಕ್ಯರಾದರು. ಮುಂದಿನ ಬೋರ್ಡು ಬೇರೆ, ಒಳಗಿನ ಕಥೆ ಬೇರೆ. ಇಂಥ ಸೆಟ್ಟಿಂಗು ಯಾವ ಸಿನಿಮಾದಲ್ಲಿ ಕಂಡಿದ್ದೀರಿ ಹೇಳಿ?

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿ. ತಗಡಿನ ಮಾಡು, ಆರು ಟೇಬಲು, ಗೋಡೆಗೆ ಅಣ್ಣಾವ್ರ ಫೋಟೋ ಇರುವ ಹಳೆಯ ಕ್ಯಾಲೆಂಡರು. ಒಳಗಿನಿಂದ ಟಪ್... ಟಪ್... ಟಪ್! ಜೋಳದ ರೊಟ್ಟಿ ಬಡಿಯುವ ಸದ್ದು. ಗೋಧಿಗೆ ಅಂಟು ಇದೆ, ಲಟ್ಟಣಿಗೆಯಲ್ಲಿ ಎಳೆದಂತೆ ಬರುತ್ತದೆ. ಜೋಳದ ಹಿಟ್ಟಿಗೆ ಆ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದಿ, ಅಂಗೈಯಲ್ಲಿ ತಿರುಗಿಸುತ್ತಾ ಬಡಿಯಬೇಕು. ಸ್ವಲ್ಪ ಜೋರಾದರೆ ಸೀಳುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೆಂಡದ ಹತ್ತಿರ ಹಿಡಿದರೆ ಪುರಿಯಂತೆ ಉಬ್ಬುತ್ತದೆ. ಹಂಚಿನಿಂದ ತಟ್ಟೆಗೆ ಬಿದ್ದ ತಕ್ಷಣ ತಿನ್ನಬೇಕು. ತಡಮಾಡಿದರೆ ಚರ್ಮದಂತೆ ಬಿರುಸು!

ಮೂರು ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಗಲ್ಲೆಯ ಮೇಲೆ ಕೂತ ಮಾಲಕರಿಗೆ ನಮ್ಮ ಸಿನಿಮಾ ಢಾಬಾದ ಕಥೆ ಹೇಳಿದೆವು. ಜೈಲು, ರೈಲು, ಕ್ಲಬ್ಬು ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು.

"ರೊಟ್ಟಿ ಯಾರ್ ಬಡೀತಾರ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎಂಟು ಲಕ್ಷದ ಪಟ್ಟಿಯಲ್ಲಿ ಬಲ್ಬಿಗೆ ಅರವತ್ತು ಸಾವಿರ ಬರೆದಿದ್ದೆವು. ಅಡುಗೆಯವರ ಹೆಸರೇ ಇರಲಿಲ್ಲ!

"ತಮ್ಮಾ," ಅಂದರು ಮಾಲಕರು, "ಮಂದಿ ಮೊದಲ್ನೇ ಸಲ ನೋಡ್ಲಾಕ ಬರ್ತಾರ. ಎರಡ್ನೇ ಸಲ ಉಣ್ಲಾಕ ಬರ್ತಾರ. ಎರಡ್ನೇ ಸಲದ ವಿಚಾರ ಮಾಡು."

ಅಮಾಸಿಯ ದಿನ

ದೋಸ್ತರೇ, ಎಳ್ಳ ಅಮಾವಾಸ್ಯೆಯ ದಿನ ನೀವು ಬೀದರ ಜಿಲ್ಲೆಗೆ ಬಂದರೆ ಕರ್ಫ್ಯೂ ಹಾಕಿದ್ದಾರೋ ಏನೋ ಅಂದುಕೊಳ್ಳುತ್ತೀರಿ. ಊರಿಗೆ ಊರೇ ಖಾಲಿ! ಎಲ್ಲರೂ ಹೊಲದಲ್ಲಿ.

ನಮ್ಮವ್ವ ಹಿಂದಿನ ರಾತ್ರಿಯೇ ಭಜ್ಜಿ ಮಾಡಲು ಕೂತಿದ್ದಳು. ಬೆಂಗಳೂರಿನವರೇ, ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ ಇದು! ಹಸಿ ತೊಗರಿ, ಅವರೆ, ಬಟಾಣಿ ಕಾಳು, ಮೆಂತ್ಯ, ಪಾಲಕ, ಬದನೆ, ಗಜ್ಜರಿ, ಎಲ್ಲ ಕೂಡಿಸಿ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿದ ಗಟ್ಟಿ ಪಲ್ಯ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿಯಾಗಿ ಸಿಗುತ್ತದೋ ಅದೆಲ್ಲ ಅದರೊಳಗೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಅಂಬಲಿ.

ಹೊಲದಲ್ಲಿ ಅಪ್ಪ ಜೋಳದ ದಂಟಿನಿಂದ ಕೊಂಪೆ ಕಟ್ಟಿದ್ದ. ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ ಬಂದೆವು. ಆಮೇಲೆ ಊಟ. ಗೆಳೆಯನೂ ಬಂದಿದ್ದ, ಮೊಬೈಲು ಹಿಡಿದುಕೊಂಡೇ!

ಆಗ ರಸ್ತೆಯ ಮೇಲೆ ಒಂದು ಲಾರಿ ನಿಂತಿತು. ದೇಗಲೂರಿನ ಕಡೆಯ ಡ್ರೈವರು, ನೀರು ಕೇಳಲು ಇಳಿದಿದ್ದ. ಅವ್ವ ತನಗೆ ಬರುವ ನಾಲ್ಕು ಮರಾಠಿ ಮಾತು ಕೂಡಿಸಿ ಕೂಗಿದಳು: "ಯಾ ಭಾವು, ಜೇವಾಯ್ಲಾ ಯಾ!" ಅವನು ಚಪ್ಪಲಿ ಬಿಟ್ಟು ಕೊಂಪೆಯ ನೆರಳಿಗೆ ಬಂದು ಕೂತ. ಎರಡು ಸಲ ಭಜ್ಜಿ ಹಾಕಿಸಿಕೊಂಡ. ಏಳುವಾಗ ನೂರು ರೂಪಾಯಿ ತೆಗೆದ.

"ಅಮಾಸಿ ಊಟಕ್ಕ ರೊಕ್ಕ ತಗೋತಾರೇನು?" ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

ಅವನು ನೋಟು ಕಿಸೆಗೆ ಇಟ್ಟುಕೊಂಡು, ಪಾಂಡವರ ಮುಂದೆ ಹತ್ತು ರೂಪಾಯಿ ಇಟ್ಟು, ಕೈಮುಗಿದ. ಈ ದಾರಿಯಲ್ಲಿ ಅಮಾವಾಸ್ಯೆಯ ದಿನ ಬಂದರೆ ತಾನು ಎಂದೂ ಬುತ್ತಿ ತರುವುದಿಲ್ಲ ಎಂದು ನಗುತ್ತಾ ಹೇಳಿ ಲಾರಿ ಹತ್ತಿದ.

ಅಪ್ಪ ಒಂದು ಮಾತೂ ಆಡಲಿಲ್ಲ. ಖಾಲಿ ಗಡಿಗೆ ತೊಳೆಯುತ್ತಾ ಕೂತಿದ್ದ. ನನಗೆ ಮಾತ್ರ ಗಂಟಲು ಕಟ್ಟಿತು. ಸಾಲ ತೀರದೆ ಹೊಲ ಹೋದರೆ, ಮುಂದಿನ ವರ್ಷ ಆ ಡ್ರೈವರನನ್ನು ಅವ್ವ ಎಲ್ಲಿ ನಿಂತು ಕರೆಯಬೇಕು? ಹೊಲ ಉಳುವ ಅಪ್ಪ ಯಾರ ಕೊಂಪೆಯಲ್ಲಿ ಕೂತು ಉಣ್ಣಬೇಕು?

ಅಂದು ಸಂಜೆ ಗೆಳೆಯನಿಗೆ ಹೇಳಿದೆ: "ದೋಸ್ತ, ಕಾಗದ ಮಾಡಲ್ಲ."

ಅವನು ಬೈಕ್ ಒದ್ದು ಸ್ಟಾರ್ಟ್ ಮಾಡಿ ಹೊರಟೇಹೋದ. ಮೂರು ತಿಂಗಳು ಮಾತಿಲ್ಲ.

ಇಂಟರ್ವಲ್ ಆದ ಮೇಲೆ

ಯುಗಾದಿಗೆ ಅವನ ಢಾಬಾ ತೆರೆಯಿತು, ಬೇರೆ ಪಾಲುದಾರನ ಜೊತೆ. ಜೈಲು ಇತ್ತು, ರೈಲಿನ ಡಬ್ಬಿ ಇತ್ತು. ಕರೆಯದಿದ್ದರೂ ಹೋದೆ. ಜೈಲಿನ ಸರಳು ಹಿಡಿದರೆ ಅಂಗೈಗೆ ಬಣ್ಣ! ಮೊದಲ ತಿಂಗಳು ಫೋಟೋ ತೆಗೆಸಿಕೊಳ್ಳುವವರ ಜಾತ್ರೆ. ಎರಡನೇ ತಿಂಗಳು ನೊಣ. ಮೂರನೇ ತಿಂಗಳು ರಾತ್ರಿ ಹನ್ನೊಂದಕ್ಕೆ ನನ್ನ ಫೋನು ಬಡಿಯಿತು.

"ದೋಸ್ತ... ಅವ್ವಗ ಕೇಳು, ಭಜ್ಜಿ ಹ್ಯಾಂಗ ಮಾಡ್ತಾರಂತ."

ನಾನು ನಗಲಿಲ್ಲ, ದೋಸ್ತರೇ. ಅವನ ನಾಲ್ಕು ಲಕ್ಷದಲ್ಲಿ ಅವನ ಅಕ್ಕನ ಬಂಗಾರವೂ ಇತ್ತು. ಮರುದಿನವೇ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಅವಳು ಜೈಲನ್ನೂ ರೈಲನ್ನೂ ಒಮ್ಮೆ ನೋಡಿ, "ಒಲಿ ಎಲ್ಲದ?" ಎಂದು ಕೇಳಿ ಒಳಗೆ ನಡೆದಳು.

ಈಗ ರೊಟ್ಟಿ ಬಡಿಯಲು ಊರಿನ ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ಹಿತ್ತಲಿನ ಬೇವಿನ ಮರದ ಕೆಳಗೆ ಹೊರಸು ಹಾಕಿದ್ದಾನೆ. ರವಿವಾರ ಭಜ್ಜಿ. ಸಾಲ ಇನ್ನೂ ತೀರಿಲ್ಲ, ಆದರೆ ಎರಡನೇ ಸಲ ಬರುವವರು ಶುರುವಾಗಿದ್ದಾರೆ. ಅವರು ಬೇವಿನ ಕೆಳಗೆ ಕೂರುತ್ತಾರೆ. ಜೈಲಿನೊಳಗೆ ಈಗ ಈರುಳ್ಳಿ ಚೀಲ ಇಟ್ಟಿದ್ದಾನೆ!

1975ರ 'ಶೋಲೆ'ಗಾಗಿ ನಮ್ಮ ರಾಮನಗರದಲ್ಲಿ ಒಂದು ಊರನ್ನೇ ಕಟ್ಟಿದ್ದರಲ್ಲ? ಆ ಸೆಟ್ಟಿನ ಮನೆಗಳು ಈಗಿಲ್ಲ. ಗಬ್ಬರನ ಬಂಡೆ ಮಾತ್ರ ಇದೆ. ಜನ ಇವತ್ತೂ ಬಂಡೆ ನೋಡಲಿಕ್ಕೇ ಹೋಗುತ್ತಾರೆ.

ನನಗಂತೂ ತಿರುಗುವ ಹೋಟೆಲಿನ ಹುಚ್ಚು ಪೂರ್ತಿ ಬಿಟ್ಟಿಲ್ಲ. ದುಡ್ಡಾದಾಗ ಒಂದು ಸಲ ಹೋಗಿಯೇ ತೀರುತ್ತೇನೆ! ಆದರೆ ಎಳ್ಳ ಅಮಾಸಿಯ ದಿನ ಮಾತ್ರ ಯಾರು ಕರೆದರೂ ಇಲ್ಲ. ಅಂದು ನೀವೇ ನಮ್ಮ ಕಡೆ ಬನ್ನಿ. ಔರಾದ ರಸ್ತೆಯಲ್ಲಿ ಯಾವ ಹೊಲದ ಬದುವಿನ ಮೇಲೆ ನಿಂತರೂ ಸರಿ, ಯಾರೋ ಒಬ್ಬ ಅವ್ವ ಕೂಗಿಯೇ ಕೂಗುತ್ತಾಳೆ: "ಬಾ ತಮ್ಮಾ, ಕೂಡು, ಉಣ್ಣು!"